ಹೋಳಿಗೆಯ ಕಟ್ಟು, ಹೊನವಾಡದ ಬಾಟಲಿ

ಸ್ವಂತ ಮನೆ, ಸ್ವಂತ ಸೋಫಾ, ಸ್ವಂತ ದುಡಿಮೆಯ ಬಾಟಲಿ. ಈ ಮೂರೂ ಒಂದೇ ಸೂರಿನ ಕೆಳಗೆ ಸೇರುವ ಭಾಗ್ಯ ತನ್ನ ಹಣೆಯಲ್ಲಿ ಬರೆದಿಲ್ಲವಲ್ಲ ಎಂಬುದು ಸಂಗನಬಸವನ ಬಹುಕಾಲದ ಅಳಲು. ವಿಜಯಪುರದಲ್ಲಿ ಹನಿ ನೀರಾವರಿ ಪೈಪುಗಳ ಅಂಗಡಿ, ಜಲನಗರದಲ್ಲಿ ಮಹಡಿ ಮನೆ, ಹೊನವಾಡದಲ್ಲಿ ದ್ರಾಕ್ಷಿ ತೋಟ, ಎದುರು ಸಿಕ್ಕವರು ‘ಬರ್ರಿ ಸಂಗಣ್ಣಾರ’ ಎಂದು ಕರೆದು ಚಹಾ ಕುಡಿಸುವಷ್ಟು ಮರ್ಯಾದೆ. ಇಷ್ಟೆಲ್ಲ ಇದ್ದೂ ಒಂದು ಪೆಗ್ ಹಾಕಬೇಕೆಂದರೆ ತಿಕೋಟಾ ದಾಟಿ ಹೊನವಾಡಕ್ಕೆ ಓಡಬೇಕಾಗಿತ್ತು. ಅಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ, ಔಷಧಿ ಹೊಡೆಯುವ ಪಂಪಿನ ಹಿಂದೆ, ಅವನ ವಿಸ್ಕಿ ಬಾಟಲಿ ವರ್ಷಗಟ್ಟಲೆ ವನವಾಸ ಮಾಡುತ್ತಿತ್ತು. ತೋಟಕ್ಕೆ ನೀರು ಬಿಟ್ಟು ಬರುತ್ತೇನೆಂದು ಮನೆಯಲ್ಲಿ ಹೇಳಿ ಹೋಗುವುದು, ಸೊಳ್ಳೆಗಳ ಸಮಕ್ಷಮದಲ್ಲಿ ಗ್ಲಾಸು ಎತ್ತುವುದು, ಹೊರಸಿನ ಮೇಲೆ ಮಲಗುವುದು, ಬೆಳಗಿನ ಬಸ್ಸಿಗೆ ಏಲಕ್ಕಿ ಅಗಿಯುತ್ತ ಮನೆ ಸೇರುವುದು. ಇದು ಪದ್ಧತಿ. (ಏಲಕ್ಕಿಯ ವಾಸನೆ ಬಂದರೆ ಕುಡಿದು ಬಂದಿದ್ದಾನೆ, ಬರದಿದ್ದರೆ ನಿಜವಾಗಿಯೂ ನೀರು ಬಿಟ್ಟು ಬಂದಿದ್ದಾನೆ ಎಂದು ಅವನ ಹೆಂಡತಿ ವಿಜಯಲಕ್ಷ್ಮೀ ಮದುವೆಯಾದ ಮರುವರ್ಷವೇ ಲೆಕ್ಕ ಹಾಕಿಕೊಂಡಿದ್ದಳು. ಇದು ಅವನೊಬ್ಬನಿಗೆ ಗೊತ್ತಿರಲಿಲ್ಲ.)

ಬಾಟಲಿಯನ್ನು ವನವಾಸದಿಂದ ಮನೆಗೆ ಕರೆತರುವ ದಾರಿ ಅವನಿಗೆ ಹೊಳೆದದ್ದು ಗೆಳೆಯ ರಾಜರತ್ನನ ಮನೆಯಲ್ಲಿ. ಈ ರಾಜರತ್ನ ವಿಮೆ ಮಾಡಿಸುವ ಏಜೆಂಟ. ಪುಣೆಯಲ್ಲಿ ಯಾವುದೋ ಮೀಟಿಂಗಿಗೆ ಹೋಗಿ ದೊಡ್ಡ ಹೋಟೆಲಿನಲ್ಲಿ ತಂಗಿ ಬಂದವನು, ಬಂದ ಮೇಲೆ ಮನುಷ್ಯನೇ ಬದಲಾಗಿದ್ದ. ವಿಸ್ಕಿಗೆ ಬರೀ ನೀರು ಬೆರೆಸುವವರನ್ನು ಕಂಡರೆ ಅವನಿಗೆ ಅಯ್ಯೋ ಪಾಪ ಎನಿಸತೊಡಗಿತ್ತು. ಆ ದಿನ ಅವನು ಗ್ಲಾಸಿನ ತಳದಲ್ಲಿ ಸಕ್ಕರೆ ಅರೆದು, ಕಿತ್ತಳೆ ಸಿಪ್ಪೆ ಹಿಂಡಿ, ಮುಷ್ಟಿಗಾತ್ರದ ಮಂಜುಗಡ್ಡೆ ಇಳಿಬಿಟ್ಟು, ‘ಓಲ್ಡ್ ಫ್ಯಾಶನ್ಡ್’ ಎಂಬುದನ್ನು ಮಾಡಿಕೊಟ್ಟ. ಅವನ ಹೆಂಡತಿ ಪಕ್ಕದಲ್ಲೇ ನಿಂತು ಕಿತ್ತಳೆ ಸುಲಿದುಕೊಡುತ್ತಿದ್ದಳು. ಸಂಗನಬಸವ ಆ ದೃಶ್ಯವನ್ನು ಬಾಯಿ ತೆರೆದು ನೋಡಿದ. ಗುಟುಕರಿಸಿದ್ದು ಆಮೇಲೆ.

ಮನೆಗೆ ಬರುವ ದಾರಿಯಲ್ಲಿ ಅವನಿಗೆ ಜ್ಞಾನೋದಯವಾಯಿತು. ಪೆಗ್ ಎಂಬುದು ಕುಡಿತ, ಕಾಕ್‌ಟೇಲ್ ಎಂಬುದು ಅಡುಗೆ. ಅಳತೆ ಇದೆ, ಪಾಕ ಇದೆ, ಹುಳಿ ಇದೆ, ಮೇಲೆ ಅಲಂಕಾರವಿದೆ. ಕುಡಿತಕ್ಕೆ ಮನೆಯಲ್ಲಿ ಜಾಗವಿಲ್ಲ ಎಂದರೆ ಒಪ್ಪೋಣ, ಅಡುಗೆಗೆ ಜಾಗವಿಲ್ಲ ಎನ್ನುವ ಗಂಡೆದೆ ಯಾವ ಹೆಂಡತಿಗಿದ್ದೀತು? ಇಂಥ ತರ್ಕ ಹುಟ್ಟುವ ತಲೆ ಪೈಪು ಮಾರುತ್ತಿದೆಯಲ್ಲ ಎಂದು ಯಾರಿಗಾದರೂ ಮರುಕವಾಗಬೇಕು.

ರೊಟ್ಟಿ ಬಡಿಯುತ್ತಿದ್ದ ವಿಜಯಲಕ್ಷ್ಮೀಯ ಮುಂದೆ ಅವನು ತನ್ನ ಪಾನಪಾಕಶಾಸ್ತ್ರವನ್ನು ಸವಿಸ್ತಾರವಾಗಿ ಮಂಡಿಸಿದ. ಅಮೆರಿಕದಲ್ಲಿ ಇದನ್ನು ಕಲಿಸಲು ಶಾಲೆಗಳೇ ಇವೆಯೆಂದ. ಅವಳು ಮೂರು ರೊಟ್ಟಿ ಬಡಿದು ಮುಗಿಸಿದಳು. ನಾಲ್ಕನೆಯದನ್ನು ಹಂಚಿಗೆ ಹಾಕಿ, ಕೈ ಝಾಡಿಸಿಕೊಂಡು, ತೀರ್ಪು ಕೊಟ್ಟಳು.

“ಆತು. ಅತ್ತಿಯಾರು ಬಬಲೇಶ್ವರಕ್ಕ ಮಗಳ ಮನಿಗೆ ಹೋಗ್ಯಾರ. ಅವರು ಬರೂದರಾಗ ಒಂದು ಸಲ ಮಾಡೇ ಬಿಡ್ರಿ. ನಿಮ್ಮ ಗೆಳ್ಯಾರನ್ನ ಕರೀರಿ, ನಮ್ಮಣ್ಣನ್ನೂ ಕರೀರಿ, ನೀವೂ ಕೂಡ್ರಿ. ಎಲ್ಲಾರೂ ಕೂಡಿ ಯಾವುದು ಭಾಳ ಚಲೋ ಅಂತೀರಿ, ಅದು ಈ ಮನ್ಯಾಗ ಇರ್ಲಿ. ಉಳದದ್ದೆಲ್ಲಾ ಹೊನವಾಡಕ್ಕ. ಆಮ್ಯಾಲ ಮಾತಿಲ್ಲ.”

ಸಂಗನಬಸವನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅವನು ಮಾಡಬೇಕೆಂದಿದ್ದದ್ದು ಮೂರು ಬಗೆ: ರಾಜರತ್ನ ಮಾಡಿದ ಓಲ್ಡ್ ಫ್ಯಾಶನ್ಡ್, ಸಿಹಿ ವೈನು ಸೇರಿಸುವ ಮ್ಯಾನ್‌ಹಟನ್, ಲಿಂಬೆಹುಳಿಯ ವಿಸ್ಕಿ ಸೋರ್. ಮೂರರಲ್ಲೂ ಇರುವುದು ವಿಸ್ಕಿಯೇ. ಯಾವುದು ಗೆದ್ದರೂ ಬಾಟಲಿಯ ಗೃಹಪ್ರವೇಶ ಖಂಡಿತ. ಇಷ್ಟು ಸರಳವಾದ ಸಂಗತಿ ತಿಳಿಯದ ತನ್ನ ಹೆಂಡತಿಯ ಮುಗ್ಧತೆ ಕಂಡು ಅವನ ಮನಸ್ಸು ಕರಗಿತು. ಪಾಪ, ಲೋಕ ಕಂಡವಳಲ್ಲ ಎಂದುಕೊಂಡ. ರವಿವಾರ ಸಂಜೆಗೆ ದಿನ ಗೊತ್ತಾಯಿತು. ಆ ಸಂಜೆ ತನ್ನ ಬಾಟಲಿ ಶೋಕೇಸಿನಲ್ಲಿ ಎಲ್ಲಿ ನಿಲ್ಲಬೇಕೆಂದು ಜಾಗವನ್ನೂ ಗುರುತಿಸಿಕೊಂಡ. ಮಗಳ ಕೇರಂ ಬಹುಮಾನದ ಪಕ್ಕದಲ್ಲಿ.

ತಾಲೀಮು ಶುರುವಾಯಿತು. ಮೊಬೈಲಿನಲ್ಲಿ ಒಬ್ಬ ಗಡ್ಡದವನು ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿದ್ದ. ಸಂಗನಬಸವ ಅವನ ಮಾತನ್ನು ಬಿಟ್ಟು ಕೈಯನ್ನು ನೋಡಿ ಕಲಿತ. ಮೊದಲ ದಿನವೇ ಸಕ್ಕರೆ ಪಾಕ ತಳ ಹಿಡಿದು ಮನೆ ತುಂಬ ಸುಟ್ಟ ವಾಸನೆ. ಮುಗ್ಧೆ ಎಂದು ಅವನು ತಿಳಿದಿದ್ದ ಹೆಂಡತಿ ಬಂದು ಒಲೆ ಆರಿಸಿದಳು. ಉಂಡೆಗೆ ಎಷ್ಟು ಪಾಕ, ಚಿಕ್ಕಿಗೆ ಎಷ್ಟು ಪಾಕ ಎಂದು ಕಣ್ಣು ಮುಚ್ಚಿ ಹೇಳುವವಳ ಎದುರಿಗೆ ಒಬ್ಬ ಗಂಡಸು ಸಕ್ಕರೆಯನ್ನು ಇದ್ದಿಲು ಮಾಡಿ ನಿಲ್ಲಿಸಿದರೆ ಅವಳಾದರೂ ಎಷ್ಟೆಂದು ಸಹಿಸಿಯಾಳು? ಅಂದಿನಿಂದ ಪಾಕದ ಖಾತೆ ಅವಳದಾಯಿತು. ಒಂದು ಕರಾರು ಮಾತ್ರ ಹಾಕಿದಳು. ಮಿಕ್ಕಿದ್ದೆಲ್ಲ ಮಾಡಿಕೊಡುವಳು, ಬಾಟಲಿಯನ್ನಾಗಲಿ ಬಾಟಲಿಯೊಳಗಿನದನ್ನಾಗಲಿ ಕೈಯಿಂದ ಮುಟ್ಟಳು. ಅದನ್ನು ಬೆರೆಸುವುದು ಅವನದೇ ಕೆಲಸ.

ಓಲ್ಡ್ ಫ್ಯಾಶನ್ಡ್‌ಗೆ ಕಹಿ ಹನಿಗಳು ಬೇಕು. ಅಂಥ ಶೀಸೆ ಊರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕಹಿ ಬೇಕಿದ್ದರೆ ಮೊದಲೇ ಹೇಳಬಾರದೇ ಎಂದು ವಿಜಯಲಕ್ಷ್ಮೀ ಜ್ವರದ ಕಷಾಯಕ್ಕೆಂದು ಇಟ್ಟಿದ್ದ ಕಿರಾತಕಡ್ಡಿಯನ್ನು ಲವಂಗ, ಕಿತ್ತಳೆ ಸಿಪ್ಪೆಯ ಜೊತೆ ಕುದಿಸಿ ಬತ್ತಿಸಿ ಕೊಟ್ಟಳು. ಮ್ಯಾನ್‌ಹಟನ್‌ಗೆ ಬೇಕಾದ ಕೆಂಪು ಚೆರಿಯನ್ನು ಅವನು ಪಾನ್ ಅಂಗಡಿಯಿಂದ ತಂದ. ಪ್ರತಿದಿನ ಸಂಜೆ ಒಂದೊಂದು ಗ್ಲಾಸು ಕೂಡಿಸುವನು. ಅವಳು ಬಾಗಿಲಲ್ಲಿ ನಿಂತು ಬರೀ ವಾಸನೆಯಿಂದ ಪರೀಕ್ಷಿಸುವಳು. ಗುರುವಾರ ಹಾಗೆಯೇ ನಿಂತು ಹೇಳಿದಳು: “ಇದರಾಗ ಸಿಹಿ ಮ್ಯಾಲ ಕುಂತೈತಿ, ಕಹಿ ತಳಕ್ಕ ಬಿದ್ದೈತಿ. ಒಂದಕ್ಕೊಂದು ಮಾತಿಲ್ಲ, ಕತಿಯಿಲ್ಲ.”

ಅವನು ಗುಟುಕರಿಸಿ ನೋಡಿದ. ಅಪ್ಪಟ ನಿಜ. ತಳದಿಂದ ಚೆನ್ನಾಗಿ ಕದಡಿ ಮತ್ತೆ ಕುಡಿದರೆ ರಾಜರತ್ನನ ಗ್ಲಾಸಿನ ರುಚಿ ಅದರಲ್ಲಿ ಇಣುಕುತ್ತಿತ್ತು. ಜನ್ಮದಲ್ಲಿ ಒಂದು ಹನಿ ನಾಲಿಗೆಗೆ ತಾಗಿಸದವಳು, ಮಾರು ದೂರದಿಂದ ಮೂಗಿನಲ್ಲೇ ಇಷ್ಟು ಕಂಡುಹಿಡಿಯುತ್ತಾಳಲ್ಲ! ಸಂಗನಬಸವನಿಗೆ ಹೆಂಡತಿಯ ಮೇಲೆ ಇದ್ದಕ್ಕಿದ್ದಂತೆ ಅಭಿಮಾನ ಉಕ್ಕಿತು. ಹೇಳಬೇಕೆಂದು ಬಾಯಿ ತೆರೆದ, ಆದರೆ ಅಷ್ಟರಲ್ಲಿ ಅವಳು ಒಗ್ಗರಣೆ ಹಾಕಲು ಹೋಗಿಬಿಟ್ಟಿದ್ದಳು.

ನಿಜವಾದ ಗಂಡಾಂತರ ಎದುರಾದದ್ದು ವಿಸ್ಕಿ ಸೋರ್‌ನಲ್ಲಿ. ಅದರ ಮೇಲೆ ಬೆರಳಗಲ ಬಿಳಿ ನೊರೆ ನಿಲ್ಲಬೇಕು, ಆ ನೊರೆಗೆ ಮೊಟ್ಟೆಯ ಬಿಳಿ ಬೇಕು ಎಂದು ಗಡ್ಡದವನು ಹೇಳಿಬಿಟ್ಟ. ಲಿಂಗಪೂಜೆಯಾಗದೆ ಒಲೆ ಹಚ್ಚದ ಮನೆಯದು. ರವಿವಾರ ಬೆಳಿಗ್ಗೆ ಸಂಗನಬಸವ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಳ್ಳದೆ, ತೊಟ್ಟಿಲ ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗೆ ಬಂದ.

“ಏನದು ಹೆಲ್ಮೆಟ್ಟಿನ್ಯಾಗ?” ಎಂದಳು ವಿಜಯಲಕ್ಷ್ಮೀ.

“ಏನಿಲ್ಲ.”

“ಏನೂ ಇಲ್ಲದ್ದನ್ನ ಹಿಂಗ ಉಸರ ಬಿಗಿಹಿಡದು ತರ್ತಾರೇನ್ರಿ?”

ಮೊಟ್ಟೆಗಳು ಬೆಳಕಿಗೆ ಬಂದವು. ಅವಳು ಕೂಗಾಡಲಿಲ್ಲ, ಅದೇ ಹೆಚ್ಚು ಭಯಂಕರವಾಗಿತ್ತು. “ಬಾಟ್ಲಿ ತಂದ್ರಿ, ಸುಮ್ಮನಿದ್ದೆ. ಅದು ಆಯಾ ಮನಿಶ್ಯಾನ ಚಟ. ತತ್ತಿ ತಂದ್ರ ನನ್ನ ಬಾಂಡೆ ಸಾಮಾನ ಎಲ್ಲಾ ಹೋದವು. ಆ ಹೊಚ್ಚಲ ಮ್ಯಾಲ ನಿಂತವರು ಹಂಗs ತಿರಗರಿ” ಎಂದಳು.

ಹಾಗೆಯೇ ತಿರುಗಿದ. ಪಕ್ಕದ ಮನೆಯ ಪೀರಾಂಬಿಯ ಕೈಗೆ ಮೊಟ್ಟೆಗಳನ್ನು ದಾನ ಮಾಡಿ, ಕೈ ತೊಳೆದುಕೊಂಡು ಬಂದು, ಅಡುಗೆಮನೆಯ ಹೊರಗೆ ಸ್ಟೂಲಿನ ಮೇಲೆ ಕುಳಿತ. ನೊರೆಯಿಲ್ಲದ ಸೋರ್ ಎಂದರೆ ಬರೀ ಲಿಂಬೆ ಶರಬತ್ತು ಎಂದು ರಾಜರತ್ನ ನಗುತ್ತಾನೆ, ಮೂರರಲ್ಲಿ ಒಂದು ಕಡಿಮೆಯಾಯಿತು ಎಂದು ಗೋಳಾಡಿದ. ಒಳಗೆ ಅವಳು ಅಣ್ಣ ಬರುತ್ತಾನೆಂದು ಹೋಳಿಗೆಗೆ ಕಡಲೆಬೇಳೆ ಕುದಿಸುತ್ತಿದ್ದಳು. ನೊರೆ ಅಷ್ಟೇ ತಾನೇ ಬೇಕಾದದ್ದು ಎಂದು ಕೇಳಿ, ಪಾತ್ರೆಯ ಮುಚ್ಚಳ ಸರಿಸಿದಳು. ಬೇಳೆಯ ಮೇಲೆ ಬಿಳಿ ನೊರೆ ಉಕ್ಕಿ ಅಂಚಿಗೆ ಬಂದು ನಿಂತಿತ್ತು.

ಎಣ್ಣೆ, ಅರಿಶಿನ ಯಾವುದನ್ನೂ ಹಾಕದೆ ಬೇಯಿಸಿದ ಬೇಳೆಯಿಂದ ಬಸಿದ ನೀರು, ಅಂದರೆ ನಾವೆಲ್ಲ ಸಾರು ಮಾಡುವ ಕಟ್ಟು, ಅದರಲ್ಲಿ ಅರ್ಧವನ್ನು ಸಾರಿಗೆ ತೆಗೆದಿಟ್ಟಳು. ಉಳಿದದ್ದನ್ನು ಆರಿಸಿ, ಫ್ರಿಜ್ಜಿನಲ್ಲಿಟ್ಟು, ಮಧ್ಯಾಹ್ನ ಮಜ್ಜಿಗೆ ಕಡೆಯುವ ಕಡಗೋಲಿನಿಂದ ಕಡೆಯತೊಡಗಿದಳು. ನೋಡನೋಡುತ್ತ ಕಟ್ಟು ಹಾಲಿನಂತಾಯಿತು, ಹಾಲು ಬೆಣ್ಣೆಯಂತಾಯಿತು, ಕಡೆಗೆ ಕಡಗೋಲನ್ನು ಎತ್ತಿ ಹಿಡಿದರೆ ನೊರೆ ಅದಕ್ಕೇ ಅಂಟಿಕೊಂಡು ನೆಟ್ಟಗೆ ನಿಂತಿತು. ಗಡ್ಡದವನ ನೊರೆಯಾದರೂ ಎರಡು ನಿಮಿಷಕ್ಕೆ ಕುಸಿಯುತ್ತಿತ್ತು. ಇದು ಕುಸಿಯುವ ಮಾತೇ ಆಡಲಿಲ್ಲ. ಸಂಗನಬಸವ ಸ್ಟೂಲಿನಿಂದ ಎದ್ದು ನಿಂತು ನೋಡಿದ. ಇಷ್ಟು ವರ್ಷ ಈ ಕಟ್ಟನ್ನು ಸಾರು ಮಾಡಿ ಉಂಡೆನಲ್ಲ, ಇದರ ಹೊಟ್ಟೆಯಲ್ಲಿ ಇಂಥದ್ದಿತ್ತೇ ಎಂದು ಬೆರಗಾದ.

ಅಲ್ಲಿಗೇ ನಿಲ್ಲಿಸಿದಳೆ? ಇಲ್ಲ. ಸೋರ್ ಎಂಬುದರ ಅಸ್ತಿಭಾರವನ್ನೇ ಹೊಸದಾಗಿ ಕಟ್ಟಿದಳು. ವಿಸ್ಕಿ, ಲಿಂಬೆ ಎರಡೇ ಸೇರಿದರೆ ವಾಸನೆ ಹಸಿಹಸಿ ಬರುತ್ತದೆ, ನಡುವೆ ಹೊಂದಿಸಿಕೊಡುವವರು ಬೇಕು ಎನ್ನುವುದು ಅವಳ ವಾದ. ಹೊನವಾಡದ ಒಣದ್ರಾಕ್ಷಿಯನ್ನು ನೆನೆಸಿ ಕಿವುಚಿ ಸೋಸಿದಳು. ಹಾಲಿಲ್ಲದ ಕಡಕ್ ಚಹಾ ಇಳಿಸಿದಳು. ಒಣಶುಂಠಿ, ನಾಲ್ಕಾರು ಮೆಣಸು, ಎಳೆಪಾಕ, ಕಿರಾತಕಡ್ಡಿಯ ಎರಡು ಹನಿ, ಮೇಲೆ ಇಂಡಿ ತಾಲೂಕಿನ ಲಿಂಬೆಹಣ್ಣಿನ ರಸ. ಎಲ್ಲವನ್ನೂ ದೊಡ್ಡ ಸ್ಟೀಲ್ ಜಗ್ಗಿನಲ್ಲಿ ಕೂಡಿಸಿ, ಚಮಚದಿಂದ ಅಂಗೈಗೆ ಹಾಕಿಕೊಂಡು ರುಚಿ ನೋಡಿ, ಸರಿಪಡಿಸಿ, ಮತ್ತೆ ರುಚಿ ನೋಡಿದಳು. ಬೆರೆಸಬೇಕಾದ ವಿಸ್ಕಿಯನ್ನು ಸಂಗನಬಸವ ಅಳೆದು ಹಿತ್ತಾಳೆಯ ಗಿಂಡಿಯಲ್ಲಿ ಹಾಕಿ, ಜಗ್ಗಿನ ಪಕ್ಕದಲ್ಲೇ ಇಟ್ಟ. ನೊರೆ ಕೂಡಿಸುವ ಮುಂಚೆ ಸುರಿಯಬೇಕೆಂದು ಅವಳು ಹೇಳಿದಳು. ಅವನು ಗೊತ್ತಿದೆ ಬಿಡು ಎಂದ.

ಸಂಜೆ ಅತಿಥಿಗಳು ಬಂದರು. ರಾಜರತ್ನ ಪುಣೆಯ ಗತ್ತಿನಲ್ಲಿ ಬಂದು ಸೋಫಾದ ನಟ್ಟನಡುವೆ ಕುಳಿತ. ಹೆಂಡತಿಯ ಅಣ್ಣ ಶಿವಲಿಂಗ ಸಾರವಾಡದಿಂದ ಬಸ್ಸಿನಲ್ಲಿ ಬಂದಿದ್ದ. ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ನ್ಯಾಯ ಹೇಳುವ ಹಿರಿಯನಂತೆ ಗಂಭೀರನಾದ. ಮೂರನೆಯವರು ಎದುರು ಮನೆಯ ರೇವಪ್ಪನವರು, ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು. ಜೀವಮಾನವಿಡೀ ಯಾರ ಅರ್ಜಿಯನ್ನೂ ಒಂದೇ ಸಲಕ್ಕೆ ಮಂಜೂರು ಮಾಡಿದವರಲ್ಲ.

ಓಲ್ಡ್ ಫ್ಯಾಶನ್ಡ್ ಮೊದಲು ಬಂತು. ಚಿಕ್ಕ ಚಿಕ್ಕ ಗ್ಲಾಸು, ಒಬ್ಬೊಬ್ಬರಿಗೆ ಎರಡು ಗುಟುಕು. ರಾಜರತ್ನ ಕಣ್ಣು ಮುಚ್ಚಿ, ತೆರೆದು, ಪಾಸಾಗಬಹುದು ಎಂದ. ಶಿವಲಿಂಗ ಇದರಲ್ಲಿ ಜ್ವರದ ಕಷಾಯದ ವಾಸನೆ ಬರುತ್ತದಲ್ಲ ಎಂದ. (ರೈತನ ಮೂಗು, ಸುಳ್ಳಾಡುವುದಿಲ್ಲ. ತಂಗಿಗೆ ಬಂದದ್ದೂ ಅದೇ ಮನೆಯಿಂದಲೇ.) ಮ್ಯಾನ್‌ಹಟನ್ ಬಂದಾಗ ರೇವಪ್ಪನವರು ಚೆರಿಯನ್ನು ಮೊದಲು ತಿಂದು, ಪಾನ್ ಬೀಡಾದಲ್ಲಿಯದೇ ಇದು ಎಂದು ಪತ್ತೆ ಹಚ್ಚಿ, ಪಾನೀಯ ಮದುವೆಯ ಮನೆಯಂತೆ ಬಹಳ ಸಿಹಿಯಾಯಿತೆಂದು ಷರಾ ಬರೆದರು. ಒಂದು ಗಡುಸು, ಒಂದು ಅತಿ ಸಿಹಿ. ಯಾವುದನ್ನೂ ಯಾರೂ ಬೈಯಲಿಲ್ಲ, ಯಾವುದಕ್ಕೂ ಯಾರ ಮುಖವೂ ಅರಳಲಿಲ್ಲ.

ಉಳಿದದ್ದು ಸೋರ್. ಸಂಗನಬಸವ ಅಡುಗೆಮನೆಗೆ ಓಡಿದ. ಅಷ್ಟರಲ್ಲಿ ಪಡಸಾಲೆಯಿಂದ ರಾಜರತ್ನ ಏನೋ ಕಿಚಾಯಿಸಿದ, ಇವನು ಇಲ್ಲಿಂದಲೇ ಉತ್ತರ ಕೊಟ್ಟ, ನೊರೆಯನ್ನು ಜಗ್ಗಿಗೆ ಸುರಿದ, ಮುಚ್ಚಿ ಜೋರಾಗಿ ಕುಲುಕಿದ. ಗ್ಲಾಸಿಗೆ ಬಗ್ಗಿಸುವಾಗ ವಿಜಯಲಕ್ಷ್ಮೀ ಮೂಗು ಅರಳಿಸಿ ಕೇಳಿದಳು: “ನಿಮ್ಮದು ಹಾಕೀರೇನ್ರಿ ಇದರಾಗ?”

“ಎಲ್ಲಾ ಆಗೈತಿ. ಮಾಡಾಂವ ನಾ ಇದ್ದೇನಿ, ನೀ ಸುಮ್ಮನ ನಿಂತು ನೋಡು” ಎಂದ ಪಾನಶಾಸ್ತ್ರ ಪ್ರವೀಣ.

ಅವಳು ಸುಮ್ಮನೆ ನಿಂತು ನೋಡಿದಳು.

ಆ ಗ್ಲಾಸುಗಳು ಪಡಸಾಲೆಗೆ ಹೋದವು. ಕೆಳಗೆ ಜೇನುಬಣ್ಣ, ಮೇಲೆ ಬೆರಳಗಲ ಬೆಳ್ಳನೆ ನೊರೆ. ಶಿವಲಿಂಗ ಮೀಸೆಗೆ ಹತ್ತಿದ ನೊರೆಯನ್ನೂ ಬಿಡದೆ ಒರೆಸಿ ಬಾಯಿಗೆ ಹಾಕಿಕೊಂಡ. ರೇವಪ್ಪನವರು ಎರಡನೆಯ ಗ್ಲಾಸಿಗೆ ತಾವಾಗಿ ಕೈ ಚಾಚಿದರು, ಅದು ಮುಗಿಯುವ ಮುನ್ನವೇ, ಎಂದೋ ತೀರಿಹೋದ ತಮ್ಮ ತಾಯಿಯನ್ನು ನೆನೆದು ಕಣ್ಣು ತುಂಬಿಕೊಂಡರು. ರಾಜರತ್ನ ಎದ್ದು ನಿಂತ. ಮೊದಲಿನ ಎರಡು ಮಕ್ಕಳಾಟ, ಕಿಕ್ ಅಂದರೆ ಇದು, ಗಂಟಲಿನಿಂದ ಇಳಿಯುವಾಗಲೇ ಕಿವಿ ಬಿಸಿಯಾದವು, ಪುಣೆಯಲ್ಲೂ ಇಂಥದ್ದು ಕುಡಿದಿಲ್ಲ ಎಂದು ಸಾರಿದ. ಸಂಗನಬಸವನೂ ಕುಡಿದ. ದೇವರಾಣೆ, ಇದು ತನ್ನ ಕೈಯಿಂದ ಬಂದದ್ದೇ ಎಂದು ಅವನಿಗೇ ಗುಮಾನಿಯಾಯಿತು. ಹುಳಿ, ಸಿಹಿ, ಕಹಿ, ಖಾರ ನಾಲ್ಕೂ ಒಂದಕ್ಕೊಂದು ಕೈಹಿಡಿದು ಬಂದು ನಾಲಿಗೆಯ ಮೇಲೆ ಕುಳಿತವು. ಯಾವುದು ಚಲೋ ಎಂದು ಕೈ ಎತ್ತಿಸಿದಾಗ ಎಲ್ಲರಿಗಿಂತ ಮೊದಲು ಎದ್ದ ಕೈ ಅವನದೇ.

ಬಾಟಲಿ ಗೆದ್ದಿತು. ಸಂಗನಬಸವ ದಿಗ್ವಿಜಯದ ಅರಸನಂತೆ ಅಡುಗೆಮನೆಗೆ ನುಗ್ಗಿ, ಕೇಳಿದೆಯಾ, ನಾಲ್ಕಕ್ಕೆ ನಾಲ್ಕೂ ಮತ, ಇನ್ನು ಶೋಕೇಸು ಖಾಲಿ ಮಾಡು ಎಂದ. ವಿಜಯಲಕ್ಷ್ಮೀ ಹೋಳಿಗೆ ಲಟ್ಟಿಸುತ್ತಿದ್ದಳು. ಗದ್ದದಿಂದ ಕಟ್ಟೆಯ ಕಡೆಗೆ ತೋರಿಸಿದಳು. ಅಲ್ಲಿ ಹಿತ್ತಾಳೆಯ ಗಿಂಡಿ ಇತ್ತು. ಅದರ ಕುತ್ತಿಗೆಯ ತನಕ ವಿಸ್ಕಿ ಇತ್ತು.

ಅವನು ಗಿಂಡಿಯನ್ನು ನೋಡಿದ, ಜಗ್ಗನ್ನು ನೋಡಿದ, ಮತ್ತೆ ಗಿಂಡಿಯನ್ನು ನೋಡಿದ.

“ನಿನಗ ಮೊದಲs ಗೊತ್ತಿತ್ತೇನು?”

“ವಾಸನಿ ಬರಲಿಲ್ಲ. ಅದಕ್ಕs ಕೇಳಿದೆ. ಎಲ್ಲಾ ಆಗೈತಿ, ಸುಮ್ಮನ ನಿಂತು ನೋಡು ಅಂದ್ರಿ.”

ಎಲಾ ಇವಳ ಎಂದುಕೊಂಡರೂ ಅದರಲ್ಲಿ ತಪ್ಪು ಹಿಡಿಯಲು ಎಳೆಯಷ್ಟೂ ಜಾಗ ಸಿಗಲಿಲ್ಲ. ಅಷ್ಟರಲ್ಲಿ ಪಡಸಾಲೆಯಿಂದ ಇನ್ನೊಂದು ಸುತ್ತು ಕಳಿಸಬೇಕೆಂದು ಕೂಗು ಬಂತು. ಸಂಗನಬಸವನಿಗೆ ಹೋದ ಜೀವ ಬಂದಂತಾಯಿತು. ಈ ಸುತ್ತಿಗೆ ವಿಸ್ಕಿ ಬೆರೆಸಿದರಾಯಿತು, ಇದೇ ಅಸಲಿಯೆಂದು ಅವರೇ ಹೇಳುತ್ತಾರೆ, ತೀರ್ಪು ಊರ್ಜಿತವಾಗುತ್ತದೆ. ಜಗ್ಗಿನಲ್ಲಿ ಉಳಿದದ್ದಕ್ಕೆ ಗಿಂಡಿಯನ್ನು ಬೋರಲು ಹಾಕಿ, ಚೆನ್ನಾಗಿ ಕುಲುಕಿ ತೆಗೆದುಕೊಂಡು ಹೋದ.

ಶಿವಲಿಂಗ ಒಂದು ಗುಟುಕು ಕುಡಿದು ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ. ರಾಜರತ್ನ, ಕೈ ಕೆಟ್ಟಿತು ಸಂಗಣ್ಣ, ಮೊದಲಿನದರಲ್ಲಿದ್ದ ನಶೆ ಇದರಲ್ಲಿಲ್ಲ ಎಂದ. ರೇವಪ್ಪನವರು ಮೂಗಿನ ಹತ್ತಿರ ಹಿಡಿದು, ಹುಬ್ಬು ಗಂಟು ಹಾಕಿ ಅರ್ಜಿ ತಿರಸ್ಕರಿಸಿದರು: “ಯಾಕೋ ಇದು ದಾರೂ ದಾರೂ ನಾರತೈತಿ ನೋಡ್ರಿ.”

ಇನ್ನು ಹೇಳುವುದೇನು ಉಳಿಯಿತು? ಸತ್ಯ ಹೇಳಿ ಮತ್ತೆ ಕೈ ಎತ್ತಿಸಿದರೆ ನಾಳೆ ಊರೆಲ್ಲ ನಗುತ್ತದೆ, ಹೇಳದಿದ್ದರೆ ಬಾಟಲಿ ಹೋಗುತ್ತದೆ. ಅವನು ಬಾಯಿ ಮುಚ್ಚಿಕೊಂಡು ಎಲ್ಲರಿಗೂ ಹೋಳಿಗೆ ಬಡಿಸಿದ. ಹೋಳಿಗೆಯ ಮೇಲೆ ತುಪ್ಪ, ಪಕ್ಕದಲ್ಲಿ ಕಟ್ಟಿನ ಸಾರು. ಮೂವರೂ ಎಲೆಯನ್ನು ಒರೆಸಿದಂತೆ ಉಂಡರು. ಹೊರಡುವಾಗ ರಾಜರತ್ನ ಬೈಕಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಆ ಮೂರನೆಯ ಗ್ಲಾಸು ಭಾರಿ ಸ್ಟ್ರಾಂಗ್, ಗಾಡಿ ನಡೆಸುವಷ್ಟು ಹುಷಾರಿಲ್ಲ ನಾನು ಎಂದು ಆಟೋ ಕರೆಸಿದ. ರೇವಪ್ಪನವರು ಎದುರು ಮನೆಗೆ ಹೋಗಲು ಶಿವಲಿಂಗನ ಹೆಗಲ ಮೇಲೆ ಕೈ ಹಾಕಿದರು. ಮುಂದಿನ ಸಲ ಮನೆಯವರನ್ನೂ ಕರೆತರುತ್ತೇವೆ, ಆ ನೊರೆಯದನ್ನೇ ಮಾಡಿರಿ, ಬೇರೆ ಏನೂ ಬೇಡ ಎಂದು ಎಲ್ಲರೂ ಹೇಳಿಹೋದರು.

ಬಾಗಿಲು ಹಾಕಿ ಬಂದಾಗ ವಿಜಯಲಕ್ಷ್ಮೀ ಬಾಟಲಿಯ ಪಕ್ಕದಲ್ಲಿ ಒಂದು ಹಳೆಯ ಟವೆಲು, ಒಂದು ಚೀಲ ಇಟ್ಟು ನಿಂತಿದ್ದಳು. ಮುಟ್ಟಿರಲಿಲ್ಲ. ಸಂಗನಬಸವ ಕೊನೆಯ ಪ್ರಯತ್ನವೆಂದು, ಕೈ ಎತ್ತಿದ್ದು ವಿಸ್ಕಿ ಸೋರ್‌ಗೇ ಅಲ್ಲವೇ ಎಂದು ಗೊಣಗಿದ. ಯಾವುದು ಚಲೋ ಅಂದಿರೋ ಅದರ ಜಗ್ಗು ಇಲ್ಲೇ ಇದೆ, ನಾನೇನು ಮಾತು ತಪ್ಪಿಲ್ಲ ಎಂದು ಅವಳೆಂದಳು. ಅವನು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ, ಬೆಳಗಿನ ಹೊನವಾಡದ ಬಸ್ಸಿಗೆಂದು ಚೀಲದಲ್ಲಿಟ್ಟು, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ. ಸೋತದ್ದಕ್ಕೆ ಸಂಕಟವಿತ್ತು. ಆದರೂ ಇವಳ ಕೈಗೆ ಯಾವ ದೇವರು ಆ ರುಚಿ ಕೊಟ್ಟನೋ ಎಂಬ ಬೆರಗು ಸಂಕಟಕ್ಕಿಂತ ಒಂದು ಗುಂಜಿ ಹೆಚ್ಚಾಗಿತ್ತು. ಈ ಸಲ ತಡೆಯದೆ ಹೇಳಿಯೂಬಿಟ್ಟ, ನಿನ್ನಂಥ ಕೈ ಈ ಜಿಲ್ಲೆಯಲ್ಲಿಲ್ಲ ಎಂದು.

ವಿಜಯಲಕ್ಷ್ಮೀಗೆ ನಾಚಿಕೆಯಾಯಿತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಕ್ಕಳು.

“ಬರೇ ನನ್ನ ಕೈ ಅಂತ ಯಾಕ ಅಂತೀರಿ? ಇವತ್ತ ಅಡಗಿಮನ್ಯಾಗ ನೀವು ಮಾಡಿದ್ದೂ ಒಂದು ಭಾಳ ಚಲೋ ಆತು.”

ಸಂಗನಬಸವನ ಮುಖ ಇಷ್ಟಗಲವಾಯಿತು. “ಯಾವುದು?”

“ಗಿಂಡಿ ಮರತದ್ದು.”